ಸಹಾಯ ಬೇಕು: ಬಾಡಿಗೆ ಮನೇಲೇ ಆಫೀಸು, ಫಾರ್ಮ್ 10ಬಿಎಯಲ್ಲಿ ಯಾವ ಮೊತ್ತ?

ತೆರಿಗೆ ವಿಷಯ ಗೊತ್ತಿರೋರು ದಯವಿಟ್ಟು ನೋಡಿ. ಫಾರ್ಮ್ 10ಬಿಎ ಅಂದ್ರೆ ಮನೆ ಬಾಡಿಗೆಗೆ ಸಿಗೋ ತೆರಿಗೆ ವಿನಾಯ್ತಿ (ಸೆಕ್ಷನ್ 80ಜಿಜಿ) ಕೇಳೋಕೆ ಸಲ್ಲಿಸೋ ಘೋಷಣೆ.

ಮೈಸೂರಲ್ಲಿ ಬಾಡಿಗೆ ಮನೆ, ಒಂದು ರೂಮು ಪೂರ್ತಿ ವ್ಯವಹಾರಕ್ಕೇ. ಪ್ರೊಪ್ರೈಟರ್‌ಶಿಪ್, ಲೆಕ್ಕಪುಸ್ತಕ ಇಟ್ಟು ಐಟಿಆರ್-3 (ವ್ಯವಹಾರದ ಆದಾಯ ಇರೋರ ತೆರಿಗೆ ರಿಟರ್ನ್) ಹಾಕೋದು. 44ಎಡಿ (ವಹಿವಾಟಿನ ಇಂತಿಷ್ಟು ಭಾಗವನ್ನ ಲಾಭ ಅಂತ ಅಂದಾಜಿಸೋ ಪದ್ಧತಿ) ತಗೊಂಡಿಲ್ಲ, ಅದರಲ್ಲಿ ಬಾಡಿಗೆ ಬೇರೆ ಕಳೆಯೋಕಾಗಲ್ಲ. ಹಳೇ ತೆರಿಗೆ ಪದ್ಧತಿ, ಅದನ್ನ ಆರಿಸ್ಕೊಳ್ಳೋಕೆ ಬೇಕಾದ ಫಾರ್ಮ್ 10ಐಇಎ ಸಲ್ಲಿಸಿದೆ. ಊರಲ್ಲಿ ಸ್ವಂತ ಮನೆ ಇಲ್ಲ, ಆದಾಯ ಸುಮಾರು 9 ಲಕ್ಷ.

ಮನೆ 1,200 ಚದರಡಿ, ರೂಮು 240. ಅಂದ್ರೆ ಶೇ. 20. ತಿಂಗಳ ಬಾಡಿಗೆ 24,000ದಲ್ಲಿ 4,800 ಸೆಕ್ಷನ್ 30, 38ರ ಪ್ರಕಾರ ವ್ಯವಹಾರದ ಖರ್ಚು. ಬಾಡಿಗೆಯೆಲ್ಲ ಬ್ಯಾಂಕ್ ಮೂಲಕವೇ. ಕರೆಂಟ್ ಬಿಲ್ಲಿಗೂ ಸದ್ಯ ಅದೇ ಶೇ. 20 (ಗೀಸರ್, ಫ್ರಿಜ್ ಮನೆಯವು, ಜಾಸ್ತಿ ಕೇಳಿದ್ರೆ ತಪ್ಪಾಗುತ್ತೆ). ಕಂಪ್ಯೂಟರ್‌ಗೆ ಶೇ. 40, ಮೇಜು ಕುರ್ಚಿಗೆ ಶೇ. 10 ಸವಕಳಿ. ಇಲ್ಲೀತನಕ ಗೊಂದಲ ಇಲ್ಲ.

ಉಳಿದ 19,200ಕ್ಕೆ 80ಜಿಜಿ ಕೇಳಬೇಕು. ಆದ್ರೆ ಫಾರ್ಮ್ 10ಬಿಎಯಲ್ಲಿ ‘ಸ್ವಂತ ವಾಸಕ್ಕೆ’ ಕೊಟ್ಟ ಬಾಡಿಗೆ ಅಂತ ಘೋಷಣೆ ಮಾಡಬೇಕು. ರಸೀದಿ ಇರೋದು ಪೂರ್ತಿ 24,000ಕ್ಕೆ, ಕರಾರಲ್ಲಿ ‘ವಾಸಕ್ಕೆ ಮಾತ್ರ’ ಅಂತಿದೆ. ಯಾವುದು ಬರೆದ್ರೂ ವಿನಾಯ್ತಿ ತಿಂಗಳಿಗೆ 5,000ದ ಮಿತಿಗೇ ನಿಲ್ಲುತ್ತೆ, ತೆರಿಗೆ ಬದಲಾಗಲ್ಲ. ಭಯ ನೋಟಿಸ್‌ದು: 24,000 ಬರೆದ್ರೆ 4,800ನ್ನ ಎರಡು ಕಡೆ ತೋರಿಸಿದ ಹಾಗಾಗುತ್ತೆ, 19,200 ಬರೆದ್ರೆ ರಸೀದಿಗೆ ತಾಳೆ ಆಗಲ್ಲ. ವಿಚಾರಿಸಿದಾಗ ಒಬ್ಬ ಆಡಿಟರ್ ‘ವ್ಯವಹಾರದ ಖರ್ಚು, 80ಜಿಜಿ ಎರಡರಲ್ಲಿ ಒಂದೇ ತಗೊಳ್ಳಿ’ ಅಂದ್ರು, ಇನ್ನೊಬ್ಬರು ‘ಎರಡೂ ನಡೆಯುತ್ತೆ’ ಅಂದ್ರು.

10ಬಿಎಯಲ್ಲಿ 19,200ರ ಲೆಕ್ಕವೇ ಹಾಕಬೇಕಾ? ಹಾಗಿದ್ರೆ ಮಾಲೀಕರ ಹತ್ರ ಎರಡು ರಸೀದಿ ಬರೆಸಿದ್ರೆ ಸಾಕಾ, ಕರಾರನ್ನೂ ತಿದ್ದಿಸಬೇಕಾ?