ಪದಚರ್ಚೆ: ಸಾಕುಹಾವುಗಳ ‘ಮಾರ್ಫ್’ಗೆ ‘ತಳಿ’ ಎನ್ನಬಹುದೇ?

ಸಾಕಣೆಯಲ್ಲಿ ಹುಟ್ಟಿದ ಹಾವುಗಳ ಬಣ್ಣ ಮತ್ತು ಚಿತ್ತಾರದ ಭೇದಗಳನ್ನು ಕುರಿತು ಬರೆಯುವಾಗ ಹೆಜ್ಜೆಹೆಜ್ಜೆಗೂ ಎದುರಾಗುವ ‘ಮಾರ್ಫ್’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ ತಕ್ಕದ್ದು? ಮೊದಲು ನೆನಪಾಗುವುದು ‘ತಳಿ’. ಆದರೆ ಹಳ್ಳಿಕಾರ್, ಅಮೃತಮಹಲ್ ಎನ್ನುವಾಗ ತಳಿಯೆಂದರೆ ಮೈಕಟ್ಟು, ಕೊಂಬು, ನಡಿಗೆಗಳೆಲ್ಲ ಸೇರಿ ತಲೆಮಾರುಗಳಿಂದ ನೆಲೆನಿಂತ ಗುಣಗಳ ಮೊತ್ತ. ಹಾವಿನ ಮಾರ್ಫಾದರೋ ಅನೇಕ ವೇಳೆ ಒಂದೇ ವಂಶವಾಹಿಯ ವ್ಯತ್ಯಾಸವಾಗಿದ್ದು, ಒಂದೇ ತಾಯಿಯ ಒಂದೇ ಸಲದ ಮೊಟ್ಟೆಗಳಿಂದ ಹಲವು ಬಗೆಯ ಮರಿಗಳು ಹೊರಬರುತ್ತವೆ. ‘ವರ್ಣಭೇದ’ಕ್ಕೆ ದಕ್ಷಿಣ ಆಫ್ರಿಕದ ನೆನಪು ಅಂಟಿಕೊಂಡಿದೆ. ‘ರೂಪಾಂತರ’ ಕಂಬಳಿಹುಳುವಿನ ಪಾಲಾಗಿದೆ.

‘ಅಲ್ಬಿನೊ’ ಇನ್ನೂ ತೊಡಕಿನದು. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಹಾವಿನ ಕಿತ್ತಳೆ ಮೈಮೇಲೆ ಕಪ್ಪಂಚಿನ ಕೆಂಪು ಮಚ್ಚೆಗಳಿರುತ್ತವೆ. ಮೆಲನಿನ್ ಎಂಬ ಕಪ್ಪು ವರ್ಣಕವಿಲ್ಲದೆ ಹುಟ್ಟಿದ, ಅಂದರೆ ಅಲ್ಬಿನೊ ಮರಿಯಲ್ಲಿ ಕಪ್ಪಂಚು ಮಾಯವಾಗಿ ಕಣ್ಣು ಕೆಂಪಾಗುತ್ತದೆಯೇ ಹೊರತು ಮೈ ಬೆಳ್ಳಗಾಗುವುದಿಲ್ಲ, ಏಕೆಂದರೆ ಹಳದಿ, ಕೆಂಪು ವರ್ಣಕಗಳನ್ನು ಹೊತ್ತ ಕೋಶಗಳು ಬೇರೆಯೇ ಇವೆ. ಅದನ್ನು ‘ಶ್ವೇತಸರ್ಪ’ ಎಂದು ಕರೆದರೆ ಪಕ್ಕದ ಚಿತ್ರವೇ ನಮ್ಮನ್ನು ಹಂಗಿಸೀತು. ಕೆಂಪು ಇಲ್ಲದ ಇನ್ನೊಂದು ಬಗೆಯೂ ಇದ್ದು, ಈ ಎರಡು ಕೊರತೆಗಳೂ ಒಂದೇ ಮರಿಯಲ್ಲಿ ಕೂಡಿದಾಗಲಷ್ಟೇ ಬಿಳಿಗೆ ಹತ್ತಿರದ ‘ಸ್ನೋ’ ಹುಟ್ಟುತ್ತದೆ. ಹಾಗಾಗಿ ‘ಕಪ್ಪುಗಳೆದ’, ‘ಕೆಂಪುಗಳೆದ’ ಎಂದು ಬಿಡಿಸಿ ಹೇಳುವುದೇ ಲೇಸೆಂದು ನನಗೆ ತೋರುತ್ತದೆ.

ಮಾರ್ಫ್‌ಗೆ ನನ್ನ ಒಲವು ‘ಮೈಬಗೆ’ಯ ಕಡೆಗಿದೆ. ಬಣ್ಣ, ಚಿತ್ತಾರಗಳಲ್ಲದೆ ಹುರುಪೆಯೇ ಇಲ್ಲದ ಹಾವುಗಳನ್ನೂ ಅದು ಒಳಗೊಳ್ಳಬಲ್ಲದು. ತುಳುನಾಡಿನ ಕೋಳಿ ಅಂಕದವರು ಹುಂಜಗಳನ್ನು ಬೊಳ್ಳೆ, ನೀಲೆ, ಕಾವೆ ಎಂದು ಗರಿಯ ಬಣ್ಣದಿಂದಲೇ ಗುರುತಿಸುವುದು ಇದೇ ಜಾಡಿನದು. ಪಶ್ಚಿಮ ಆಫ್ರಿಕ ಮೂಲದ ಬಾಲ್ ಪೈಥಾನಿನ ‘ಸ್ಪೈಡರ್’ ಎಂಬ ಬಗೆಯಲ್ಲಿ ಜೇಡರ ಬಲೆಯಂಥ ತೆಳುಗೆರೆಗಳ ಜೊತೆಗೆ ತಲೆ ತೂಗಾಡುವ ದೋಷವೂ ಬರುತ್ತದೆ. ಅದಕ್ಕೆ ಒಳಗಿವಿಯ ವಿಕಾರವನ್ನು ಕಾರಣವೆನ್ನಲಾಗಿದೆ. ಇಲ್ಲಿ ‘ತಳಿದೋಷ’ ಎಂದು ಬರೆದರೆ, ಚಿತ್ತಾರವೂ ದೋಷವೂ ಒಟ್ಟಿಗೇ ಬರುತ್ತವೆಂಬ ಮುಖ್ಯ ಸಂಗತಿಯೇ ಓದುಗರಿಗೆ ಮರೆಯಾಗುತ್ತದೆ.

‘ಮೈಬಗೆ’ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ದರೆ ಬಲ್ಲವರು ತಿಳಿಸಬೇಕು. ಹಾಗೆಯೇ, ಗುಣವನ್ನು ಹೊತ್ತಿದ್ದರೂ ಮೈಮೇಲೆ ತೋರದ ಹಾವನ್ನು ಸಾಕಣೆಗಾರರು ‘ಹೆಟ್’ ಎನ್ನುತ್ತಾರೆ. ಅದಕ್ಕೆ ರೋಗದ ವಾಸನೆಯುಳ್ಳ ‘ವಾಹಕ’ಕ್ಕಿಂತ ಹಿತವಾದ ಪದ ಯಾರಿಗಾದರೂ ಹೊಳೆಯುವುದೇ?