ಎರಡು ಸಲ ಆದ್ಮೇಲೆ ಎಂಎಲ್ಎಗೆ ಟಿಕೆಟ್ ಇಲ್ಲ ಅಂತ ಕಾನೂನು ಬಂದ್ರೆ?

ಕಡ್ಲೆಪುರಿ: ನಮ್ಮ ಕಡೆ ನಾಲ್ಕು ಸಲದಿಂದ ಒಬ್ರೇ ಎಂಎಲ್ಎ, ಎದುರಿಗೆ ನಿಲ್ಲೋರೂ ಅದೇ ಹಳೇ ಮುಖ. ಅಮೆರಿಕದಲ್ಲಿ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದಿದ್ದು ನೋಡಿ ಆಮೇಲೆ ಸಂವಿಧಾನಕ್ಕೇ ತಿದ್ದುಪಡಿ ತಂದ್ರು, 1951ರಿಂದ ಅಧ್ಯಕ್ಷರಾಗಿ ಎರಡೇ ಸಲ ಆರಿಸಿ ಬರಬಹುದು. ನಮ್ಮಲ್ಲಿ ಅಂಥ ಮಿತಿ ಪಿಎಂಗೂ ಇಲ್ಲ ಸಿಎಂಗೂ ಇಲ್ಲ. ಸಹಕಾರಿ ಬ್ಯಾಂಕ್ ಡೈರೆಕ್ಟರ್‌ಗೆ ಇದೆ ನೋಡಿ, ಮೊದಲು ಎಂಟು ವರ್ಷ ಇತ್ತು 2025ರಲ್ಲಿ ಹತ್ತು ಮಾಡಿದ್ರು. ಬ್ಯಾಂಕಿಗೆ ಬೇಕು ವಿಧಾನಸಭೆಗೆ ಬೇಡ್ವಾ?

ಧಾರವಾಡದಾಂವ: ನಮ್ಮ ರಾಜ್ಯದಾಗ ತ್ರಾಸು ಉಲ್ಟಾ ಐತ್ರಿ. 2008ರಿಂದ 2013ರ ತನಕಾ ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್ ಅಂತ ಮೂರು ಸಿಎಂ ಆದ್ರು. ಇಲ್ಲಿ ಖುರ್ಚಿ ಮ್ಯಾಲೆ ಐದು ವರ್ಷ ಕುಂತಾವ್ರನ್ನ ಬೆರಳ ಮ್ಯಾಲೆ ಎಣಿಸ್ಬೇಕು, ಇನ್ನ ಮಿತಿ ಯಾಕ್ರಿ? ಖರ್ಗೆಯವ್ರು 1972ರಿಂದ ಒಂಬತ್ತು ಸಲ ಅಸೆಂಬ್ಲಿ ಗೆದ್ದಾವ್ರು, 2019ರ ಲೋಕಸಭಾದಾಗ ಕಲಬುರ್ಗಿ ಮಂದೀನ ಅವ್ರನ್ನ ಸೋಲಿಸಿದ್ರಲ್ಲ.

ಒಗ್ಗರಣೆ: ಮಿತಿ ಹೆಂಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಅಮೆರಿಕ ತನಕ ಯಾಕೆ ಹೋಗ್ಬೇಕು, ನಮ್ಮ ಮಹಾನಗರ ಪಾಲಿಕೆ ಮೇಯರ್ ನೋಡಿ. ವರ್ಷಗಟ್ಟಲೆ ಒಂದೊಂದೇ ವರ್ಷ ಅಂತ ನಡ್ಕೊಂಡ್ ಬಂದಿದ್ದು, ಪ್ರತಿ ಸಲ ಮೀಸಲಾತಿ ಬೇರೆ. ಮೊದಲ ಮೂರು ತಿಂಗಳು ಸನ್ಮಾನ, ಆಮೇಲೆ ಬಜೆಟ್ ಪುಸ್ತಕ ಅರ್ಥ ಆಗೋ ಹೊತ್ತಿಗೆ ಬೀಳ್ಕೊಡುಗೆ ಹಾರ. ನಮ್ಮ ರಸ್ತೆ ಯುಜಿಡಿಗೆ, ಅಂದ್ರೆ ಒಳಚರಂಡಿಗೆ, ಮೂರು ಮೇಯರ್‌ಗೆ ಅರ್ಜಿ ಕೊಟ್ಟಿದೀನಿ, ಮೂರು ಸಲಾನೂ ಅರ್ಜಿ ತಗೊಂಡಿದ್ದು ಅದೇ ಇಂಜಿನಿಯರ್ರು, ಅವರಿಗೆ ಮಾತ್ರ ಯಾವ ಮಿತೀನೂ ಇಲ್ಲ. (ಯುಜಿಡಿ ಇನ್ನೂ ಆಗಿಲ್ಲ)

ಹಳ್ಳಿಹೈದ: ಪಂಚಾಯ್ತೀಲೂ ಅದೇ ಕಥೆ. ರೊಟೇಷನ್‌ನಲ್ಲಿ ಸೀಟು ಮಹಿಳೆಗೆ ಹೋದ್ರೆ ಹೆಂಡ್ತಿ ನಿಲ್ತಾರೆ, ಸೈನ್ ಅವರದು, ಚೇಂಬರ್‌ನಲ್ಲಿ ಕೂರೋರು ಯಜಮಾನ್ರು. ಆದ್ರೂ ಒಂದ್ ಮಾತು ಒಪ್ಕೋಬೇಕು, ರೊಟೇಷನ್ ಇಲ್ದಿದ್ರೆ ನಮ್ಮೂರಲ್ಲಿ ಕಾಲೋನಿ ಕಡೆಯಿಂದ ಒಬ್ಬ್ರೂ ಅಧ್ಯಕ್ಷರಾಗ್ತಿರ್ಲಿಲ್ಲ, ಗೌಡ್ರ ಮನೆ ಬಿಟ್ಟು ಕುರ್ಚಿ ಆಚೆ ಬಂದಿದ್ದೇ ಅದರಿಂದ. ಹಂಗಾಗಿ ಪೂರ್ತಿ ಬೇಡ ಅನ್ನಲ್ಲ ನಾನು. ಸಿಎಂ, ಪಿಎಂಗೆ ಇರ್ಲಿ, ಪೊಲೀಸು ಖಜಾನೆ ಎಲ್ಲಾ ಅವರ ಕೈಲೇ ಇರುತ್ತಲ್ಲ. ಎಂಎಲ್ಎಗೆ ಬೇಡ.

ಕಡ್ಲೆಪುರಿ: ಸರಿ, ಹಂಗಾದ್ರೆ ಇಡೀ ಕುಟುಂಬಕ್ಕೇ ಎರಡು ಸಲ ಅಂತ ಮಾಡ್ಬಿಡೋಣ

ಒಗ್ಗರಣೆ: ಮಾಡಿ ಗುರೂ. ಷಡ್ಡಕ ಕುಟುಂಬದೊಳಗೆ ಬರ್ತಾನೋ ಇಲ್ವೋ ಅಂತ ಸುಪ್ರೀಂ ಕೋರ್ಟಲ್ಲಿ ಇಪ್ಪತ್ತು ವರ್ಷ ಕೇಸ್ ನಡೆಯುತ್ತೆ, ಅಷ್ಟರಲ್ಲಿ ಅವನೂ ನಾಲ್ಕು ಸಲ ಗೆದ್ದಿರ್ತಾನೆ.