ಸಹಾಯ ಬೇಕು: ಅಮೆರಿಕದಿಂದ ಸರ್ಕಾರಿ ಶಾಲೆಗೆ ದೇಣಿಗೆ

ಬೇ ಏರಿಯಾದಲ್ಲಿರುವ ನಾವು ಕೆಲವು ಎಂಜಿನಿಯರುಗಳು, ವೈದ್ಯರು ಇಲ್ಲಿನ ಫುಡ್ ಬ್ಯಾಂಕಿಗೆ ಹಣ ಕೊಡುತ್ತ ಬಂದಿದ್ದೇವೆ, ಅದರಲ್ಲಿ ತೊಡಕಿಲ್ಲ. ಈಗ ಶಿರಸಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ನೆರವಾಗಬೇಕೆಂದಿದ್ದೇವೆ. ಹಂಚು ಸೋರುವುದರಿಂದ ಅಲ್ಲಿ ಮಳೆಗಾಲವಿಡೀ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಕಟ್ಟಿಡುತ್ತಾರೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ, ಆದರೆ ಓಸಿಐ ಕಾರ್ಡಿನವರದು, ಅಂದರೆ ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರದು, ಆಗುತ್ತದೆ (ನಮ್ಮಲ್ಲಿ ಅವರೇ ಹೆಚ್ಚು). ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಾದ ತಿದ್ದುಪಡಿಯ ನಂತರ ಅಂಥ ಹಣವನ್ನು ಎಫ್‌ಸಿಆರ್‌ಎ ನೋಂದಣಿಯುಳ್ಳ ಸಂಸ್ಥೆಯು ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು, ಬೇರೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಆದ್ದರಿಂದ ಉತ್ತರ ಕನ್ನಡದಲ್ಲಿ ತಾನೇ ಶಾಲೆಗಳ ಕೆಲಸ ಮಾಡುವ, ನೋಂದಣಿ ಚಾಲ್ತಿಯಲ್ಲಿರುವ ಸಂಸ್ಥೆ ತಮಗೆ ಗೊತ್ತಿದ್ದರೆ, ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ (ಎಸ್‌ಡಿಎಂಸಿ) ಇಂಥ ದುರಸ್ತಿ ಮಾಡಿಸಿದ ಅನುಭವವಿದ್ದರೆ, ದಯವಿಟ್ಟು ತಿಳಿಸಿ.